ನಮ್ಮ ಪಡಸಾಲೆಯಲ್ಲಿ ಕ್ಲಾರಾ ಪುರಾಣ

ಓದುವ ಹೆಣ್ಣುಮಕ್ಕಳಿಗೆ ನಮ್ಮೂರಿನಲ್ಲಿ ಒಳ್ಳೆಯ ಮರ್ಯಾದೆ ಇದೆ. ಏನು ಓದುತ್ತಿದ್ದಾರೆಂದು ಯಾರಾದರೂ ಕೇಳುವವರೆಗೆ ಮಾತ್ರ.

ನಾನು ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮೇಜರ್ ತೆಗೆದುಕೊಂಡು ಬಿ.ಎ. ಮುಗಿಸಿ ಸಂಶಿಗೆ ಸೊಸೆಯಾಗಿ ಬಂದವಳು. ನನ್ನ ಇಂಗ್ಲಿಷಿನಿಂದ ಸಂಶಿಗೆ ಆದ ಲಾಭವೆಂದರೆ, ಹತ್ತಿಗೆ ಹೊಡೆಯುವ ಕೀಟನಾಶಕ ಎಣ್ಣೆಯ ಡಬ್ಬಿ ಹಿಡಿದುಕೊಂಡು ಬಂದವರಿಗೆ "ಮಕ್ಕಳ ಕೈಗೆ ಸಿಗದಂಗ ಇಡಬೇಕಂತ್ರಿ" ಎಂದು ಗಂಭೀರವಾಗಿ ಓದಿ ಹೇಳುವುದು. ಅವರೂ ಅಷ್ಟೇ ಗಂಭೀರವಾಗಿ ತಲೆ ಅಲ್ಲಾಡಿಸಿ, ಡಬ್ಬಿಯನ್ನು ಮಕ್ಕಳ ಕೈಯಲ್ಲಿ ಕೊಟ್ಟು ಮನೆಗೆ ಕಳಿಸುತ್ತಾರೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನಾನು ಹುಟ್ಟಾ ಅಂಜುಬುರುಕಿ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ, ಬಸ್ಸು ಬರುವ ಮೊದಲೇ ಅದು ತಪ್ಪಿತೆಂದು ಮುಖ ಸಣ್ಣದು ಮಾಡುತ್ತೇನೆ. ಮಾತಾಡುವಾಗಲಂತೂ ಒಂದೊಂದು ಶಬ್ದವನ್ನೂ ಜೋಳದ ಹಾಗೆ ಹಸನು ಮಾಡಿಯೇ ಬಾಯಿಂದ ಬಿಡುತ್ತೇನೆ. ಇಷ್ಟು ಜಾಗರೂಕಳಾದ ಹೆಂಗಸು ಎಂಥ ಎಡವಟ್ಟು ಮಾಡಬಲ್ಲಳು ಎಂಬುದಕ್ಕೆ ಹೋದ ವರ್ಷದ ಶ್ರಾವಣವೇ ಸಾಕ್ಷಿ.

ನಮ್ಮೂರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶೈಲಾ ಟೀಚರ್ ನಿವೃತ್ತರಾಗಿ ಬೆಟಗೇರಿಯ ತಂಗಿಯ ಮನೆಗೆ ಹೊರಟಾಗ ನನಗೆ ಒಂದು ಚೀಲದ ತುಂಬ ಪುಸ್ತಕ ಕೊಟ್ಟು ಹೋದರು. ಟೀಚರ್ ಕ್ರೈಸ್ತರು. ಚೀಲದಲ್ಲಿದ್ದವೂ ಕ್ರೈಸ್ತರ ಐತಿಹಾಸಿಕ ಕಾದಂಬರಿಗಳು. ಒಂದೇ ಮನೆತನದ ಹೆಣ್ಣುಮಕ್ಕಳ ಕಥೆ ರೋಮಿನಲ್ಲಿ ಶುರುವಾಗಿ ಕಾಲದಿಂದ ಕಾಲಕ್ಕೆ ಇಳಿದು ಬರುತ್ತಿತ್ತು. ಪ್ರತಿ ಪುಸ್ತಕದ ಮುಖಪುಟದಲ್ಲೂ ಒಬ್ಬ ಹೆಣ್ಣುಮಗಳು ನಮಗೆ ಬೆನ್ನು ತೋರಿಸಿ ದೂರ ನೋಡುತ್ತ ನಿಂತಿರುತ್ತಾಳೆ. ದೂರದಲ್ಲಿ ಕಂಬಗಳಿದ್ದರೆ ರೋಮ್, ಕೋಟೆಯಿದ್ದರೆ ನಡುಗಾಲ, ಹಡಗಿದ್ದರೆ ಅದರ ಈಚೆಗಿನದು. ಯಾವ ಕಾಲವಾದರೂ ಮೇಲೆ ಆಕಾಶದಲ್ಲಿ ಒಂದು ಶಿಲುಬೆ.

ನಾನು ಆ ಪುಸ್ತಕಗಳಿಗೆ ಬಿದ್ದುಹೋದೆ. ತವೆಯ ಮೇಲೆ ರೊಟ್ಟಿ ಕರಿಯಾಗುತ್ತಿತ್ತು, ನಾನು ರೋಮಿನ ಓಣಿಯಲ್ಲಿ ಓಡುತ್ತಿದ್ದೆ. ಭಯವೆಲ್ಲ ಆ ಮುಖಪುಟದ್ದು. ಬಾಜೂ ಮನೆಯ ಬಸವಣ್ಣೆವ್ವ ಹೆಪ್ಪು ಕೇಳಿಕೊಂಡು ಹೇಳದೆ ಕೇಳದೆ ಒಳಗೆ ಬರುವವಳು. ಆಕೆಗೆ ಒಂದು ಸುದ್ದಿ ಸಿಕ್ಕಿತೆಂದರೆ ಕುಂದಗೋಳದ ಬಸ್ಸಿಗಿಂತ ಮೊದಲು ಅದು ಕುಂದಗೋಳ ಮುಟ್ಟುತ್ತದೆ. ಅತ್ತೆಯವರ ಹೆಸರು ಹಿಡಿದು, ಮಹಾದೇವಕ್ಕನ ಸೊಸೆ ಜಾತಿ ಬಿಟ್ಟಳಂತೆ ಎಂದು ಅಲ್ಲಿಂದ ನನಗೇ ಫೋನು ಬರುವ ದಿನವನ್ನು ನಾನು ಕಣ್ಣ ಮುಂದೆ ಕಂಡೆ. ಹೊಲಿಗೆ ಮಷಿನ್ನಿನ ಮೇಲೆ ಕಾವಿ ಬಟ್ಟೆಯ ತುಂಡೊಂದು ಬಿದ್ದಿತ್ತು. ಪುರಾಣದ ಪುಸ್ತಕ ಸುತ್ತಿಡಲೆಂದು ಅತ್ತೆಯವರು ತಂದಿದ್ದರಲ್ಲಿ ಉಳಿದದ್ದು. ಅದರಲ್ಲೇ ಪುಸ್ತಕಕ್ಕೊಂದು ಕವಚ ಹೊಲಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಜೀವನದಲ್ಲಿ ನಾನು ನನ್ನನ್ನು ಮೆಚ್ಚಿಕೊಂಡಾಗಲೆಲ್ಲ ಏನಾದರೂ ಆಗಿಯೇ ಆಗುತ್ತದೆ.

ಮರುದಿನ ಮಧ್ಯಾಹ್ನ ಕ್ಲಾರಾ ಎಂಬ ರೋಮಿನ ಹುಡುಗಿಯನ್ನು ಸೈನಿಕರು ಅಟ್ಟಿಸಿಕೊಂಡು ಬರುತ್ತಿದ್ದರು. ನಾನು ಹಿತ್ತಲ ಬಾಗಿಲಲ್ಲಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅತ್ತೆ ಮಹಾದೇವಕ್ಕ ಹಿಂದೆ ಬಂದು ನಿಂತಿದ್ದು ತಿಳಿಯಲಿಲ್ಲ.

"ಯಾರ ಸತ್ರು ಬೇ?"

"ಯಾರೂ ಇಲ್ರಿ ಅತ್ತಿ. ಪುಸ್ತಕಾ ಓದಾಕತ್ತಿದ್ದೆ."

ಅವರು ಕಾವಿ ಬಟ್ಟೆ ನೋಡಿದರು. ಕಾಲಿನ ಚಪ್ಪಲಿ ಬಿಟ್ಟರು.

"ಯಾವ ಪುರಾಣ?"

ಶಬ್ದಗಳನ್ನು ಹಸನು ಮಾಡಿದೆ. ಸುಳ್ಳು ಹೇಳಬಾರದು, ನಿಜವೂ ಹೊರಗೆ ಬೀಳಬಾರದು. "ಒಬ್ಬಾಕಿ ಭಕ್ತಿವಂತ ಹೆಣ್ಮಗಳ ಕಥಿ ರಿ."

"ಓದಿದವರಿಗೆ ಇಷ್ಟ ಅಳು ಬರತೈತಿ ಅಂದ್ರ ಅಗದಿ ದೊಡ್ಡ ಶರಣಿನ ಇರಬೇಕು," ಎಂದು ಅತ್ತೆ ಪುಸ್ತಕಕ್ಕೆ ಕೈ ಮುಗಿದರು. "ಮಠದ ಮಾಳಗಿ ರಿಪೇರಿ ಅಂತ ಈ ಸಲ ಶ್ರಾವಣದಾಗ ಪುರಾಣ ಇಲ್ಲ. ಕಿವಿ ಬಣಾಬಣಾ ಅನ್ನಾಕತ್ತಾವು. ಇವತ್ತ ಸೋಮವಾರ ಐತಿ. ದೀಪಾ ಹಚ್ಚೂ ಹೊತ್ತಿಗೆ ನಮ್ಮ ಪಡಸಾಲ್ಯಾಗ ಇದನ್ನ ಹಚ್ಚು."

"ಅತ್ತೀ, ಇದು ಇಂಗ್ಲಿಷಿನ್ಯಾಗ ಐತ್ರಿ."

"ಅದಕ್ಕ ಅಲ್ಲೇನು ಬಿ.ಎ. ಕಲ್ತಾಕಿ ಬೇಕಂತ ನಿನ್ನ ಮಾಡಿಕೊಂಡಿದ್ದು?"

ನಮ್ಮ ಕಡೆ ಪುರಾಣ ಹಚ್ಚುವುದೆಂದರೆ ಸಣ್ಣ ಮಾತಲ್ಲ. ಹಚ್ಚಿದ್ದನ್ನು ನಡುವೆ ಬಿಡುವಂತಿಲ್ಲ, ಮಂಗಲವಾಗಲೇಬೇಕು. ಕೇಳುವವರು ಸುಮ್ಮನೆ ಕುಳಿತು ಕೇಳುವುದೂ ಇಲ್ಲ. ಕಥೆಯಲ್ಲಿ ಲಗ್ನ ಬಂದರೆ ಕೂಡಿದವರೆಲ್ಲ ಅಕ್ಕಿಕಾಳು ಹಾಕಿ ಲಗ್ನ ಮಾಡುತ್ತಾರೆ. ಕೂಸು ಹುಟ್ಟಿದರೆ ಖರೇ ತೊಟ್ಟಿಲನ್ನೇ ಕಟ್ಟಿ, ಜೋಗುಳ ಹಾಡಿ, ಹೆಸರಿಡುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಇಂಗ್ಲಿಷ್ ಕಾದಂಬರಿಗೆ ಇದೆಲ್ಲ ಯಾಕೆ ಬರುತ್ತದೆ ಎಂದು ಒಂದು ಸಲ ಧೈರ್ಯ ತಂದುಕೊಂಡೆ. ನಾನು ಧೈರ್ಯ ತಂದುಕೊಂಡದ್ದು ಆ ತಿಂಗಳಲ್ಲಿ ಅದೊಂದೇ ಸಲ.

ಸಂಜೆ ಪಡಸಾಲೆ ತುಂಬಿತು. ಕಳೆ ತೆಗೆದು ಬಂದವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಬಸವಣ್ಣೆವ್ವ. ಆಕೆಯ ಮಗ್ಗುಲಲ್ಲಿ, ಬಾಯಲ್ಲಿ ತಂಬಾಕು ಅದುಮಿಕೊಂಡು ಸಣ್ಣವ್ವಜ್ಜಿ. ಮಣೆಯ ಮೇಲೆ ಪುಸ್ತಕ, ಪುಸ್ತಕಕ್ಕೆ ಹೂವು. ನಾನು ಬೆವರುತ್ತ ತೆರೆದೆ. ಕ್ಲಾರಾ ಬಾಯಿಗೆ ಹೊಂದಲಿಲ್ಲವೆಂದು ಕಲಾವತಿ ಎಂದೆ. ರೋಮನ್ನು ರೋಮಾಪುರ ಮಾಡಿದೆ. ಕಲಾವತಿ ಮತ್ತು ಆಕೆಯ ಕಡೆಯವರು ಅರಸನಿಗೆ ಹೆದರಿ ನೆಲದಡಿಯ ಸುರಂಗಗಳಲ್ಲಿ ಕೂಡಿ ದೇವರನ್ನು ನೆನೆಯುತ್ತಾರೆ. ಸುರಂಗವೆಂದರೆ ಹೇಗೆ ತಿಳಿಸುವುದು? "ನಮ್ಮ ಹಗೇವು ಇರತಾವಲ್ರಿ, ಜ್ವಾಳಾ ತುಂಬೂವು, ಹಂತಾವು," ಎಂದೆ.

ಪಡಸಾಲೆಯಲ್ಲಿ ಗದ್ದಲವೆದ್ದಿತು.

"ಅಯ್ಯ, ಹಗೇವಿನ್ಯಾಗ ಹಂಗ ಇಳೀತಾರೇನು? ಉಸರ ಕಟ್ಟಿ ಸಾಯ್ತಾರ!" ಎಂದಳು ಬಸವಣ್ಣೆವ್ವ. "ಮದಲ ಒಂದ ದೀಪಾ ಇಳಿಸಿ ನೋಡಬೇಕು. ದೀಪಾ ಆರಿತಂದ್ರ ಇಳೀಬಾರದು."

"ದೀಪಾ ಇಳಿಸಿದ್ಲೋ ಇಲ್ಲೋ ಕೇಳ್ರಿ," ಎಂದಳು ಸಣ್ಣವ್ವಜ್ಜಿ.

ನಾನು ಪುಸ್ತಕ ನೋಡಿದೆ. "ದೀಪಾ ಹಿಡಕೊಂಡ ಇಳದ್ಲು ಅಂತ ಐತ್ರಿ."

"ಶ್ಯಾಣೇಕಿ!" ಎಂದು ಎಲ್ಲರೂ ಸಮಾಧಾನಗೊಂಡರು. ಆ ಕ್ಷಣದಿಂದ ಕಲಾವತಿ ಸಂಶಿಯವಳಾದಳು.

ಯಾವ ದೇವರನ್ನು ನೆನೆಯುತ್ತಾಳೆ ಎಂದು ಯಾರೋ ಕೇಳಿದರು. "ಆಕಿ ಒಬ್ಬನ ದೇವರನ್ನ ನಂಬಿದಾಕಿ ರಿ," ಎಂದೆ. "ಖರೇ ಐತಿ, ನಮ್ಮ ಶರಣರೂ ಹಂಗ ಅಂದಾರ," ಎಂದು ಅತ್ತೆ ಮುಗಿಸಿಬಿಟ್ಟರು. ಅಲ್ಲಿಂದ ಮುಂದೆ ಆ ಕಷ್ಟ ಬರಲಿಲ್ಲ.

ಕಷ್ಟ ಬಂದದ್ದು ಲಗ್ನದಲ್ಲಿ. ರೋಮಿನ ಸೈನ್ಯದ ತರುಣನೊಬ್ಬ ಕಲಾವತಿಯನ್ನು ಮೆಚ್ಚುತ್ತಾನೆ. ನಾನು ಇದನ್ನು ಎರಡು ಮಾತಲ್ಲಿ ದಾಟಿಸಿಬಿಡಬೇಕೆಂದಿದ್ದೆ. ಬಸವಣ್ಣೆವ್ವ ಬಿಡಬೇಕಲ್ಲ?

"ತಡಿ ತಡಿ. ಹುಡಗಾ ಏನ ಮಾಡ್ತಾನ?"

"ಸೈನ್ಯದಾಗ ಇದ್ದಾನ್ರಿ."

"ಆಕಿನ್ನ ಅಟ್ಟಿಸಿಕೊಂಡ ಬಂದ ಆ ಖೋಡಿ ಅರಸನ ಸೈನ್ಯದಾಗ?" ಎಂದರು ಅತ್ತೆ. "ಬ್ಯಾಡವಾ ಈ ಬೀಗತನ."

"ಹಂಗ ಅನಬ್ಯಾಡ ಮಹಾದೇವಕ್ಕ, ಸರಕಾರಿ ನೌಕರಿ! ಪೆನ್ಶನ್ ಇರತೈತಿ. ಹೊಲಾ ಎಷ್ಟ ಐತಿ ನೋಡು ಸುನಿತಾ, ನೀರಾವರಿನೋ ಒಣಬೇಸಾಯನೋ?" ಎಂದು ಬಸವಣ್ಣೆವ್ವ ನನ್ನ ಕಡೆ ತಿರುಗಿದಳು.

ಎರಡು ಸಂಜೆ ಪುರಾಣ ಮುಂದೆ ಸಾಗಲಿಲ್ಲ. ಸಂಬಂಧ ಮಾಡಬೇಕೋ ಬೇಡವೋ ಎಂದು ಓಣಿಯಲ್ಲಿ ಎರಡು ಪಕ್ಷಗಳಾದವು. ಕೊನೆಗೆ ಹುಡುಗ ಅರಸನ ಚಾಕರಿ ಬಿಟ್ಟು ಕಲಾವತಿಯ ಕಡೆ ಬಂದನೆಂದು ಓದಿದಾಗ ಅತ್ತೆ ಒಪ್ಪಿದರು, ನೌಕರಿ ಹೋಯಿತೆಂದು ಬಸವಣ್ಣೆವ್ವ ಸಿಟ್ಟಾದಳು. ಆದರೂ ಮರುದಿನ ಅಕ್ಕಿಕಾಳಿಗೆ ಬಣ್ಣ ಹಚ್ಚಿಕೊಂಡು ತಂದವಳೂ ಆಕೆಯೇ. ಪುಸ್ತಕಕ್ಕೆ ಬಾಸಿಂಗ ಕಟ್ಟಿದರು. ಕಲಾವತಿಯ ಮೇಲೆ ಅಂದರೆ ಪುಸ್ತಕದ ಮೇಲೆ ಅಂದರೆ ಅರ್ಧಕ್ಕರ್ಧ ನನ್ನ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಕೆಲವು ದಿನಗಳಲ್ಲಿ ಕೂಸಾಯಿತು. ಬಸವಣ್ಣೆವ್ವ ತನ್ನ ಮೊಮ್ಮಗಳನ್ನು ಎಬ್ಬಿಸಿ ತೊಟ್ಟಿಲು ಹೊತ್ತು ತಂದಳು. ಆ ರೋಮನ್ ಕೂಸಿಗೆ ಅವರೆಲ್ಲ ಕೂಡಿ ಬಸವರಾಜ ಎಂದು ಹೆಸರಿಟ್ಟು ಕಿವಿಯಲ್ಲಿ ಊದಿದರು. ಪುಸ್ತಕದಲ್ಲಿ ಹೆಣ್ಣು ಕೂಸಿತ್ತು. ಹೇಳುವ ಧೈರ್ಯ ನನಗಾಗಲಿಲ್ಲ.

ಮೊದಲನೆಯ ಪುಸ್ತಕ ಮುಗಿದು ಕ್ಲಾರಾ ಮುದುಕಿಯಾಗಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ನನಗೂ ನೆಮ್ಮದಿಯಾಯಿತು. ಆದರೆ ಚೀಲದಲ್ಲಿ ಇನ್ನೂ ಪುಸ್ತಕಗಳಿರುವುದನ್ನು ಅತ್ತೆ ನೋಡಿದ್ದರು. ಮರುದಿನ ಎರಡನೆಯದನ್ನು ತೆರೆದು, "ಸಾವಿರ ವರ್ಷ ಆದಮ್ಯಾಲ ಒಂದ ಚಳಿ ದೇಶದಾಗ ಒಬ್ಬಾಕಿ ಹುಡುಗಿ..." ಎನ್ನುತ್ತಿದ್ದಂತೆ ಬಸವಣ್ಣೆವ್ವ ನೆಲ ಬಡಿದಳು.

"ಹುಟ್ಟಿ ಬಂದ್ಲು ನೋಡ್ರಿ!"

"ಅಲ್ರಿ, ಇಕಿ ಬ್ಯಾರೇ..." ಎಂದೆ.

"ಹಟಾ ಹೆಂಗೈತಿ ಇಕಿಂದು?" ಎಂದರು ಅತ್ತೆ.

"ಹಟಮಾರಿ ರಿ."

"ದೇವರನ್ನ ಬಿಡು ಅಂದ್ರ ಬಿಡ್ತಾಳೇನು?"

"ಬಿಡೂದಿಲ್ರಿ."

"ಮತ್ತ? ಅದ ಕಲಾವತಿ."

ಹೀಗೆ ಪುನರ್ಜನ್ಮದ ಮಾತೇ ಇಲ್ಲದ ಕಾದಂಬರಿಗಳಿಗೆ ನಾನು ಪುನರ್ಜನ್ಮ ಸೇರಿಸಿದೆ. ಬಾಯಿ ಬಿಟ್ಟು ಅಲ್ಲ, ಬಾಯಿ ಮುಚ್ಚಿಕೊಂಡು. ಎರಡನೆಯ ಜನ್ಮದಲ್ಲಿ ಕಲಾವತಿ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡಿದಳು. ಮೂರನೆಯ ಜನ್ಮದಲ್ಲಿ ಸಮುದ್ರದ ದಂಡೆಯ ಊರೊಂದರಲ್ಲಿ ಹುಟ್ಟಿ, ದೊಡ್ಡವರ ಭಾಷೆಯಲ್ಲಿದ್ದ ದೇವರ ಮಾತನ್ನು ಜನರ ಭಾಷೆಗೆ ಬರೆದು, ಆ ಹಾಳೆಗಳನ್ನು ರೊಟ್ಟಿಯಲ್ಲಿ ಅಡಗಿಸಿ ಮನೆಮನೆಗೆ ಕಳಿಸಿದಳು. ಇದನ್ನು ಕೇಳಿ ಪಡಸಾಲೆ ಅಭಿಮಾನದಿಂದ ಉಬ್ಬಿತು. ಜನರ ಭಾಷೆಯಲ್ಲಿ ದೇವರನ್ನು ಮಾತಾಡಿಸಿದರೆ ತಪ್ಪೇನೆಂದು ಅವರಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅರಸನಿಗೆ ತಿಳಿಯಿತು. ಕಲಾವತಿಯನ್ನು ಹಿಡಿದು ಜೈಲಿಗೆ ಹಾಕಿದ. ಬೆಳಗಿನ ಗಂಟೆ ಬಾರಿಸಿದೊಡನೆ ಗಲ್ಲು.

ಆ ಸಂಜೆ ಎಲ್ಲರೂ ಮಣೆಯ ಹತ್ತಿರ ಸರಿದು ಕುಳಿತಿದ್ದರು. ನಾನೂ ಮೈಮರೆತು ಓದಿದೆ: ಜೈಲಿನ ಹೊರಗೆ ಹೆಜ್ಜೆ ಸಪ್ಪಳ. ಸಪ್ಪಳ ಹತ್ತಿರ ಬಂತು. ಬೀಗದಲ್ಲಿ ಕೀಲಿಕೈ ತಿರುಗಿತು.

ಹಾಳೆ ತಿರುವಿದೆ. ಖಾಲಿ. ತಳದಲ್ಲಿ, ಮುಂದಿನ ಭಾಗದಲ್ಲಿ ನೋಡಿ ಎಂದಷ್ಟೇ ಇತ್ತು. ಚೀಲದಲ್ಲಿ ಮುಂದಿನ ಭಾಗ ಇರಲಿಲ್ಲ.

"ಮುಂದ?" ಎಂದರು ಅತ್ತೆ.

"ಇಲ್ಲಿಗೆ ನಿಂತೈತ್ರಿ."

"ನಿಂತೈತಿ ಅಂದ್ರ? ಕೀಲಿ ತಗದವ ಯಾವ? ಬಿಡಾಕ ಬಂದ್ನೋ, ಒಯ್ಯಾಕ ಬಂದ್ನೋ?"

"ಗೊತ್ತಿಲ್ರಿ ಅತ್ತಿ."

ಅತ್ತೆ ಎದ್ದು ನಿಂತರು. ದೇವರ ಜಗಲಿಯ ಕಡೆ ತಿರುಗಿ ಕೈ ಮುಗಿದರು. "ಆ ಹುಡಗಿ ಜೇಲಿಂದ ಹೊರಗ ಬರೂತನಾ ನಾ ರೊಟ್ಟಿ ಮುಟ್ಟೂದಿಲ್ಲ."

ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಗುಳಿಗೆ, ಗುಳಿಗೆಯ ಹಿಂದೆ ರೊಟ್ಟಿ, ಇದು ಡಾಕ್ಟರರ ಕಟ್ಟಪ್ಪಣೆ. ನಾನು ಬಾಯಿ ತೆರೆಯುವಷ್ಟರಲ್ಲಿ, ಹಿಂದೆ ಬೀಳಲು ಒಪ್ಪದ ಬಸವಣ್ಣೆವ್ವ ಚಹಾ ಬಿಟ್ಟಳು. ಸಣ್ಣವ್ವಜ್ಜಿ ಬಾಯಲ್ಲಿದ್ದ ತಂಬಾಕನ್ನು ಅಂಗಳಕ್ಕೆ ಉಗುಳಿ ಬಂದಳು.

ಎರಡು ದಿನ ಹಾಲು, ಬಾಳೆಹಣ್ಣುಗಳಲ್ಲಿ ಕಳೆಯಿತು. ಮೂರನೆಯ ದಿನ ಮುಂಜಾನೆ ಬಸವಣ್ಣೆವ್ವನ ಗಂಡ ಗುಡದಪ್ಪ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತ.

"ಸುನಿತವ್ವಾ, ನಮ್ಮಾಕಿ ಚಾ ಬಿಟ್ಟಾಳ."

"ಗೊತ್ತೈತ್ರಿ ಕಾಕಾ."

"ತಾ ಬಿಟ್ರ ಬಿಡ್ಲಿ. ಮಾಡೂದೂ ಬಿಟ್ಟಾಳ. ಒಬ್ಬಾಕಿ ಹೆಣ್ಮಗಳು ಜೇಲಿನ್ಯಾಗ ಕುಂತಾಗ ನಿನಗ ಚಾ ಹೆಂಗ ಇಳೀತೈತಿ ಅಂತ ನನಗ ಕೇಳ್ತಾಳ. ನಾ ಯಾರನ್ನ ಜೇಲಿಗೆ ಹಾಕೀನವಾ? ಲಗೂನ ಏನರ ಮಾಡಿ ಆಕಿನ್ನ ಬಿಡಸು."

ನನ್ನ ಗಂಡ ಕಾಶಿನಾಥ ಕೃಷಿ ಪತ್ತಿನ ಸಂಘದಲ್ಲಿ ಗುಮಾಸ್ತರು. ಜಗತ್ತಿನ ಎಲ್ಲ ತೊಂದರೆಗಳನ್ನೂ ಅವರು ಸಾಲದ ಕಾಗದದ ಹಾಗೆ ತಿರುವಿ ನೋಡುತ್ತಾರೆ. ವಿಷಯ ಕೇಳಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

"ಆಕಿಗೆ ಜಾಮೀನದಾರರು ಯಾರೂ ಇಲ್ಲೇನು?"

"ರೀ, ಇದು ಐನೂರು ವರ್ಷದ ಹಿಂದಿನ ಮಾತ್ರಿ."

"ಅಷ್ಟ ಹಳೇ ಕೇಸಾ? ಹಂಗಾರ ತಾನ ವಜಾ ಆಗಿರತೈತಿ ಬಿಡು," ಎಂದು ಅವರು ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೋದರು.

ಅವರು ಆ ಕಡೆ ಹೋಗುತ್ತಿದ್ದಂತೆ ಈ ಕಡೆಯಿಂದ ಪಂಚಾಯ್ತಿ ಮೆಂಬರ್ ಹೊಳಬಸಪ್ಪ ಮೋಟರ್ ಸೈಕಲ್ ನಿಲ್ಲಿಸಿದ. ಚುನಾವಣೆ ಹತ್ತಿರವಿತ್ತು.

"ಏನ್ರಿ ಅಕ್ಕಾರ, ನಮ್ಮೂರ ಹೆಣ್ಮಗಳನ್ನ ಸುಳ್ಳ ಕೇಸ್ ಹಾಕಿ ಒಳಗ ಹಾಕ್ಯಾರಂತ, ನನಗ ಒಂದ ಮಾತ ಹೇಳಬಾರದೇನ್ರಿ? ಯಾವ ಸ್ಟೇಶನ್ನು?"

"ಹಂಗಲ್ರಿ, ಅದು ಭಾಳ ದೂರ ಐತ್ರಿ."

"ದೂರಂದ್ರ? ಕಲಘಟಗಿ ಏನು?"

"ಅದಕ್ಕಿಂತಾ ದೂರ್ರಿ."

"ಅಳ್ನಾವರ? ಇರಲಿ, ಅಲ್ಲೂ ನಮ್ಮವರ ಅದಾರ." ಮೊಬೈಲು ಹೊರಗೆ ತೆಗೆದ. ಹಾಗೆಯೇ ಏನೋ ಹೊಳೆದು ನಿಂತ. "ಆಕಿ ಓಟು ನಮ್ಮ ವಾರ್ಡಿನ್ಯಾಗ ಐತಿಲ್ರಿ?"

ನಾನು ಶಬ್ದಗಳನ್ನು ಹಸನು ಮಾಡುತ್ತಿದ್ದೆ. ಅಷ್ಟರಲ್ಲಿ ಹಿಂದೆ ಅಂಗಳದಲ್ಲಿ ಸಪ್ಪಳವಾಯಿತು. ಹೆಸರುಕಾಯಿ ಒಣಗಲು ಹರವುತ್ತಿದ್ದ ಅತ್ತೆ, ಕಾಯಿಗಳ ಮೇಲೆಯೇ ಕುಸಿದು ಕುಳಿತಿದ್ದರು. ಮುಖದ ತುಂಬ ಬೆವರು. ಕೈ ನಡುಗುತ್ತಿತ್ತು. ಆ ಹೊತ್ತು ನನಗೆ ನಗು ತರುವ ಯಾವ ಮಾತೂ ನೆನಪಿಲ್ಲ. ಹೊಳಬಸಪ್ಪನ ಮೋಟರ್ ಸೈಕಲ್ಲಿನ ಮೇಲೆ ಅವರನ್ನು ನಡುವೆ ಕೂಡಿಸಿಕೊಂಡು ನಾನು ಹಿಂದಿನಿಂದ ಅಪ್ಪಿ ಹಿಡಿದು ಆಸ್ಪತ್ರೆಗೆ ಹೋದದ್ದಷ್ಟೇ ನೆನಪಿದೆ.

ಅಲ್ಲಿಯ ನರ್ಸಬಾಯಿ ಬೆರಳು ಚುಚ್ಚಿ ನೋಡಿ, ಸಕ್ಕರೆ ನೀರು ಕುಡಿಸಿ, ನಮ್ಮಿಬ್ಬರಿಗೂ ಕೂಡಿಸಿ ಬೈದರು.

"ಗುಳಿಗಿ ನುಂಗಿ ಊಟಾ ಬಿಟ್ರ ಹೆಂಗ್ರಿ ಅಜ್ಜಿ? ಜೀವಾ ಬ್ಯಾಡ ಆಗೈತೇನು?"

"ಕಲಾವತಿ ಹೊರಗ ಬರೂತನಾ ಉಣ್ಣೂದಿಲ್ಲಂತ ಮಾತ ಕೊಟ್ಟೀನಿ," ಎಂದರು ಅತ್ತೆ, ಮಲಗಿದಲ್ಲಿಂದಲೇ.

ನರ್ಸಬಾಯಿ ನನ್ನ ಕಡೆ ತಿರುಗಿದರು. "ಯಾರ್ರಿ ಈ ಕಲಾವತಿ? ನಿಮ್ಮ ನಾದಿನೀನ? ಇಷ್ಟ ಜೀವಾ ಮಾಡ್ತಾರ ಹಿರಿಯಾರು, ಒಂದ ಫೋನರ ಹಚ್ಚಿ ಆಕಿ ಕೂಡ ಮಾತಾಡಸ್ರಿ. ಇವತ್ತ ರಾತ್ರಿ ಊಟಾ ಆಗಲಿಲ್ಲಂದ್ರ ನಾಳೆ ನಾ ಹುಬ್ಬಳ್ಳಿ ದವಾಖಾನಿಗೆ ಬರದ ಕೊಡಾಕಿ."

ಕಲಾವತಿಗೆ ಫೋನು ಹಚ್ಚಲು ಬರುವಂತಿರಲಿಲ್ಲ. ಅವಳ ಹಾದಿ ತೋರಿಸಿದ ಶೈಲಾ ಟೀಚರಿಗೆ ಹಚ್ಚಿದೆ. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನಿಂತು ಎಲ್ಲವನ್ನೂ ಹೇಳಿದೆ: ಕಾವಿ ಬಟ್ಟೆ, ಹಗೇವು, ಬಾಸಿಂಗ. ತೊಟ್ಟಿಲಿಗೆ ಬಂದಾಗ ಅವರು ನನ್ನನ್ನು ತಡೆದರು. ಬೇಜಾರಾದರು, ಅವರ ದೇವರ ಕಥೆಯನ್ನು ಆಟ ಮಾಡಿದೆ ಎಂದುಕೊಂಡರು ಎಂದು ಹೆದರಿದೆ.

"ತೊಟ್ಟಲಾ ಕಟ್ಟಿದ್ರಾ?" ಎಂದರು ಟೀಚರ್. "ಯಾವ ಜೋಗುಳ ಹಾಡಿದ್ರು?"

"ಮುಂದಿನ ಭಾಗ ಕೊಡ್ರಿ ಟೀಚರ್, ನಿಮ್ಮ ಕಾಲ ಬೀಳ್ತೀನಿ."

"ಎಲ್ಲಿಂದ ಕೊಡ್ಲೆವಾ? ಬರದಾಕಿ ಅದನ್ನ ಇನ್ನೂ ಬರದ ಇಲ್ಲ. ನಾನೂ ಓದಿ ಎರಡ ಹೊತ್ತು ಊಟಾ ಬಿಟ್ಟಿದ್ದೆ. ನೀ ಏನ ಮಾಡ್ತಿಯೋ ಮಾಡು ಸುನಿತಾ. ಆಕಿನ್ನ ಬಿಡಿಸಿದ ಮ್ಯಾಲ ನನಗೂ ಒಂದ ಫೋನ್ ಹಚ್ಚು."

ಅಂದರೆ ಆ ಬೀಗದ ಆಚೆ ಏನಿತ್ತೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಅತ್ತೆಯನ್ನು ಮನೆಗೆ ಕರೆತಂದು ಒಂದು ನಿರ್ಧಾರ ಮಾಡಿದೆ. ಇದು ಪುರಾಣವಲ್ಲ ಎಂದು ತಿಳಿದರೆ ಹರಕೆಯ ಮಾತೇ ಇಲ್ಲ. ನಿಜ ಹೇಳಿಬಿಡಬೇಕು. ಅತ್ತೆ ನನ್ನನ್ನು ತವರಿಗೆ ಕಳಿಸಲಿ, ಓಣಿಯವರು ನಮ್ಮ ಮನೆಯ ಹೆಪ್ಪು ಬಿಡಲಿ, ರೊಟ್ಟಿಯಂತೂ ತಿನ್ನುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿತು. ಗೋಡೆಗೆ ದಿಂಬು ಕೊಟ್ಟು ಅತ್ತೆಯನ್ನು ಕೂಡಿಸಿದ್ದರು. ಹೊರಗೆ ಕಟ್ಟೆಯ ಮೇಲೆ ಗುಡದಪ್ಪ ಕಾಕಾ, ಹೊಳಬಸಪ್ಪ. ನಾನು ಪುಸ್ತಕದ ಕಾವಿ ಕವಚವನ್ನು ಕಿತ್ತು ತೆಗೆದೆ. ಬೆನ್ನು ತಿರುಗಿಸಿ ನಿಂತ ಹೆಣ್ಣು, ಹಡಗು, ಶಿಲುಬೆ ಎಲ್ಲವೂ ದೀಪದ ಬೆಳಕಿಗೆ ಬಂದವು.

"ಎಲ್ಲಾರೂ ಕೇಳ್ರಿ," ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ. "ಇದು ಪುರಾಣ ಅಲ್ರಿ. ಕಾದಂಬರಿ. ಕಿರಿಸ್ತಾನರ ಕಾದಂಬರಿ. ನಾ ಮುಚ್ಚಿಟ್ಟಿದ್ದೆ. ತಪ್ಪಾತ್ರಿ."

ಸಿಡಿಲಿಗೆ ಕಾಯುತ್ತ ಕಣ್ಣು ಮುಚ್ಚಿದೆ. ಬಸವಣ್ಣೆವ್ವ ಆಕಳಿಸಿದ ಸಪ್ಪಳ ಕೇಳಿತು.

"ಅದು ನಮಗ ಗೊತ್ತಿಲ್ಲೇನು? ಹಗೇವಿನ ಗ್ವಾಡಿ ಮ್ಯಾಲ ಆಕಿ ಕ್ರಾಸ್ ಬರದ್ಲು ಅಂತ ಮದಲನೇ ದಿನಾನ ನೀ ಓದಿದಿ."

"ನಾ ಓದಿದ್ನೇನ್ರಿ?"

"ಓದಿ ಕಣ್ಣೀರ ಹಾಕಿದಿ ಬ್ಯಾರೆ. ಶೈಲಾ ಟೀಚರ್ ಕೊಳ್ಳಾಗ ಇರೂದು ಅದ ಅಲ್ಲೇನು, ನಾವು ಕಂಡಿಲ್ಲೇನು?"

"ಮತ್ತ ಸುಮ್ಮನ ಯಾಕ ಕುಂತ್ರಿ ಇಷ್ಟ ದಿನಾ?"

"ಏನಂತ ಮಾತಾಡ್ತಿ ಬೇ?" ಎಂದರು ಅತ್ತೆ, ದಿಂಬಿನಿಂದ ಮುಂದೆ ಬಾಗಿ. "ಆಕಿ ಲಗ್ನಾ ಮಾಡಿದವರು ನಾವು. ತೊಟ್ಟಲಾ ಕಟ್ಟಿದವರು ನಾವು. ಅಕ್ಕಿಕಾಳ ಹಾಕಿದ ಮ್ಯಾಲ ಯಾರ ಪೈಕಿ ಅಂತ ಕೇಳ್ತಾರೇನು? ನಮ್ಮ ಹುಡಗಿ ಒಳಗ ಕುಂತಾಳ. ಕಾದಂಬರಿನೋ ಪುರಾಣನೋ ಆಮ್ಯಾಲ ನೋಡೂಣು. ಮದಲ ಬಿಡಸು."

ಒಂದು ತಿಂಗಳು ನಾನು ನಿದ್ದೆಗೆಟ್ಟು ಕಾದುಕೊಂಡಿದ್ದ ಗುಟ್ಟು ಹೀಗೆ ಒಂದು ಆಕಳಿಕೆಯಲ್ಲಿ ಮುಗಿದುಹೋಯಿತು. ಸಮಾಧಾನಕ್ಕಿಂತ ಹೆಚ್ಚಾಗಿ ನನಗೆ ಅವಮಾನವೇ ಆಯಿತು.

"ಬಿಡಸಾಕ ಪುಸ್ತಕದಾಗ ಇಲ್ರಿ ಅತ್ತಿ. ಬರದಾಕೀನ ಬರದಿಲ್ಲ."

"ಹಂಗಾರ ನೀ ಬಿಡಸು."

ನಾನು ಖಾಲಿ ಹಾಳೆ ನೋಡುತ್ತ ಬಾಯಿಗೆ ಬಂದದ್ದು ಹೇಳಿದೆ. ಅರಸನಿಗೆ ಪಶ್ಚಾತ್ತಾಪವಾಗಿ ಬಿಡುಗಡೆಯ ಪತ್ರ ಕಳಿಸಿದ ಎಂದೆ.

"ನಿನ್ನೆತನಾ ಇರಲಾರದ ಬುದ್ಧಿ ಇವತ್ತ ಎಲ್ಲಿಂದ ಬಂತು ಅವಗ?" ಎಂದಳು ಸಣ್ಣವ್ವಜ್ಜಿ. ತಂಬಾಕಿಲ್ಲದೆ ಆಕೆಯ ನಾಲಿಗೆ ಹರಿತವಾಗಿತ್ತು.

ಕಲಾವತಿಯನ್ನು ಮೆಚ್ಚಿದ್ದ ನಾವಿಕ ಕುದುರೆ ಹತ್ತಿ ಬಂದು ಬಾಗಿಲು ಒಡೆದ ಎಂದೆ.

"ಅಂವ ಹಡಗ ಹತ್ತಿ ದೇಶಾ ಬಿಟ್ಟ ಹೋದ ಅಂತ ಹೋದ ವಾರ ನೀನ ಓದಿದಿ."

ಭೂಕಂಪವಾಗಿ ಜೈಲಿನ ಗೋಡೆ ಬಿತ್ತು ಎಂದೆ.

"ಆಕಿ ಮ್ಯಾಲ ಬಿತ್ತಂದ್ರ?" ಎಂದು ಬಸವಣ್ಣೆವ್ವ ಗಾಬರಿಯಾದಳು. "ಏನರ ಮಾಡಾಕ ಹೋಗಿ ಕೊಂದಗಿಂದೀ!"

ಎಲ್ಲರೂ ಗೊಣಗತೊಡಗಿದರು. ಸುಳ್ಳು ಹೇಳಬೇಡ, ಆದದ್ದು ಹೇಳು ಎಂದರು. ನನ್ನ ಬೆವರು ಹಾಳೆಯ ಮೇಲೆ ಬಿತ್ತು. ಆಗ ಅತ್ತೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಕೀಲಿ ತಗದವ ಜೇಲರ್ ಹೌದಲ್ಲೋ?"

"ಹೌದ್ರಿ, ಅವನ ಇರಬೇಕು."

"ಅವಗ ಅವ್ವ ಇದ್ದಾಳಿಲ್ಲೋ?"

ಅಭ್ಯಾಸಬಲದಿಂದ ಪುಸ್ತಕ ತಿರುವಿದೆ. "ಬರದಿಲ್ರಿ."

"ಬರೀಲಿಲ್ಲಂದ್ರ ಇಲ್ಲಂತೇನು? ಅವ್ವ ಇಲ್ದ ಹುಟ್ಟ್ಯಾನೇನು ಅಂವ? ಆಕಿನೂ ರೊಟ್ಟಿ ಬಿಟ್ಟಾಳ. ಆ ಹುಡಗೀನ ಬಿಡೂತನಾ ನಾ ಉಣ್ಣಾಕಿ ಅಲ್ಲ ಅಂತ ಕುಂತಾಳ. ಮಗಾ ಮನಿಗೆ ಬಂದಾನ. ಏನಂತಾನ ಹೇಳು."

ನಾನು ಜೈಲರನಾದೆ.

"ಅವ್ವಾ, ಉಣ್ಣು."

"ಒಲ್ಲೆ," ಎಂದರು ಅತ್ತೆ.

"ಸರಕಾರಿ ಹುಕುಂ ಐತಿ ಅವ್ವಾ. ನಾ ಏನ ಮಾಡ್ಲಿ?"

"ಹುಕುಂ ಮಾಡಿದವ ನಿನಗ ತುತ್ತ ಮಾಡಿ ಉಣಿಸಿ ಬೆಳಸ್ಯಾನೇನು?"

ಪಡಸಾಲೆಯಲ್ಲಿ "ಹಂಗ ಕೇಳು" ಎಂದರು ಯಾರೋ.

"ನಿನಗ ಆರಾಮಿಲ್ಲ," ಎಂದೆ. "ಅಂಗಳದಾಗ ಬಿದ್ದಿ. ನಿನ್ನ ಕೈ ನಡಗಾಕತ್ತಿದ್ದು ಕಂಡು ನನ್ನ ಜೀವಾ ಹೋಗಿತ್ತು. ಕಾಲ ಬೀಳ್ತೀನಿ, ಒಂದ ತುತ್ತು ಉಣ್ಣು." ಜೈಲರನ ದನಿ ಒಡೆಯಿತು. ಅವನ ಕಣ್ಣೀರು ನನ್ನ ಮೂಗಿನ ತುದಿಯಿಂದ ಇಳಿಯಿತು.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ದನಿಯೂ ಸಣ್ಣದಾಯಿತು. ಹಟ ಮಾತ್ರ ಸಣ್ಣದಾಗಲಿಲ್ಲ.

"ಕೀಲಿ ತಗದ ಬಾ."

"ತಗದೆ ಅವ್ವಾ."

"ಹೊರಗ ಬಂದ್ಲೇನು?"

"ಬಂದ್ಲು. ದೀಪಾ ಹಿಡಕೊಂಡು ಬಂದ್ಲು."

ಬಸವಣ್ಣೆವ್ವ ಮಂಗಲದ ಹಾಡು ಎತ್ತಿಕೊಂಡಳು. ಹಾಡು ಅರ್ಧವಾಗುವಷ್ಟರಲ್ಲಿ, "ಚಾಕ್ಕ ನೀರ ಇಡ್ತೀನಿ" ಎಂದು ಅದನ್ನು ಉಳಿದವರಿಗೆ ಬಿಟ್ಟು ಓಡಿದಳು. ಅವಳ ಹಿಂದೆಯೇ ಗುಡದಪ್ಪ ಕಾಕಾ ವಯಸ್ಸು ಮರೆತು ಓಡಿದ. ಹೊಳಬಸಪ್ಪ ಬಾಗಿಲಲ್ಲಿ ಇಣುಕಿ, "ಬಿಟ್ರಂತಲ್ರಿ? ನಾ ಮುಂಜಾನೇನ ಫೋನ್ ಹಚ್ಚಿದ್ದೆ," ಎಂದ. ಯಾರೂ ಇಲ್ಲವೆನ್ನಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಒಲೆ ಹೊತ್ತಿಸಿ ಬಿಸಿ ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಇಟ್ಟು ತಂದೆ. ಅತ್ತೆ ರೊಟ್ಟಿಯನ್ನು ಮುರಿದು, ಮೊದಲ ತುತ್ತನ್ನು ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದರು.

"ಆ ಜೇಲರನ ಅವ್ವನ ಹೆಸರೇನಂತ?"

ಶಬ್ದ ಹಸನು ಮಾಡುವಷ್ಟು ವ್ಯವಧಾನ ನನಗಿರಲಿಲ್ಲ.

"ಮಹಾದೇವಕ್ಕ ಅಂತ್ರಿ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಸುಳ್ಳಿ," ಎಂದು ತುತ್ತು ಬಾಯಿಗಿಟ್ಟುಕೊಂಡು, ಎರಡನೆಯ ರೊಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.